ಹೃದಯದ ಹುಟ್ಟುದೋಷಗಳನ್ನು ಬಾಯಿಪಾಠ ಮಾಡದೆ ಅರ್ಥ ಮಾಡಿಕೊಳ್ಳುವುದು ಹೇಗೆ

ವಿಎಸ್‌ಡಿ, ಎಎಸ್‌ಡಿ, ಟಿಜಿಎ, ಟಿಎಪಿವಿಸಿ, ಫ್ಯಾಲೋ ಟೆಟ್ರಾಲಜಿ, ಎಬ್‌ಸ್ಟೈನ್... ಹೃದಯದ ಹುಟ್ಟುದೋಷಗಳ ಈ ಪಟ್ಟಿ ನೋಡಿದರೇ ತಲೆ ತಿರುಗುತ್ತದೆ. ಒಂದೊಂದಕ್ಕೂ ಒಂದು ಚಿತ್ರ, ಆ ಚಿತ್ರದ ತುಂಬ ಕೆಂಪು ನೀಲಿ ಬಾಣಗಳು. ವಿದ್ಯಾರ್ಥಿಗಳು ಉರು ಹೊಡೆದು ಪರೀಕ್ಷೆ ಬರೆಯುತ್ತಾರೆ, ಮಾರನೇ ದಿನ ಮರೆಯುತ್ತಾರೆ. ಮಗುವಿನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಕೂತಿರುವ ಅಪ್ಪ ಅಮ್ಮನಿಗಂತೂ ಅದರಲ್ಲಿ ಒಂದು ಸಾಲೂ ಅರ್ಥವಾಗುವುದಿಲ್ಲ. ಇಬ್ಬರಿಗೂ ನಾನು ಹೇಳುವುದು ಒಂದೇ. ದೋಷಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಹೃದಯ ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವುದನ್ನು ಮೊದಲಿಂದ ಕೊನೆವರೆಗೆ ಒಂದು ಸಲ ನೋಡಿ, ಮತ್ತೆ ಪ್ರತಿ ಹಂತದಲ್ಲೂ ನಿಂತು "ಕೆಲಸ ಇಲ್ಲಿಗೇ ನಿಂತುಹೋದರೆ ಏನಾಗುತ್ತದೆ?" ಅಂತ ಕೇಳಿಕೊಳ್ಳಿ. ಉತ್ತರವೇ ದೋಷದ ಹೆಸರು. ಬಹುಪಾಲು ದೋಷಗಳು ಹೊಸದಾಗಿ ಬಂದು ಸೇರಿಕೊಂಡ ವಿಕಾರಗಳಲ್ಲ, ಎಲ್ಲರ ಹೃದಯವೂ ಒಂದು ಕಾಲದಲ್ಲಿ ಇದ್ದ ಸ್ಥಿತಿ. ಅಲ್ಲಿಂದ ಮುಂದೆ ಹೋಗಲಿಲ್ಲ, ಅಷ್ಟೇ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಪೆನ್ಸಿಲ್, ಐದಾರು ಹಾಳೆ, ಕತ್ತರಿ, ಅಂಟು ಟೇಪು.

ಮೊದಲು ದಿನಗಳ ಲೆಕ್ಕ ಸರಿ ಮಾಡಿಕೊಳ್ಳಿ

ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಗೋಜಲು. ಡಾಕ್ಟರು ಗರ್ಭವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಭ್ರೂಣಶಾಸ್ತ್ರದ ಪುಸ್ತಕ ಗರ್ಭ ಕಟ್ಟಿದ ದಿನದಿಂದ ಎಣಿಸುತ್ತದೆ. ನಡುವೆ ಸುಮಾರು ಎರಡು ವಾರ ವ್ಯತ್ಯಾಸ. ನಾನು ಇಲ್ಲಿ ಭ್ರೂಣದ ಲೆಕ್ಕವನ್ನೇ ಹೇಳುತ್ತೇನೆ, ಸ್ಕ್ಯಾನ್ ರಿಪೋರ್ಟಿಗೆ ಹೋಲಿಸುವಾಗ ಎರಡು ವಾರ ಕೂಡಿಸಿಕೊಳ್ಳಿ.

ಈಗ ಹಾಳೆಯ ಮೇಲೆ ಒಂದು ಗೆರೆ ಎಳೆದು ಗುರುತು ಹಾಕಿ. ಸುಮಾರು 14ನೇ ದಿನ ಮುಟ್ಟು ತಪ್ಪುತ್ತದೆ. 18ನೇ ದಿನದ ಹೊತ್ತಿಗೆ ಹೃದಯವಾಗಬೇಕಾದ ಜೀವಕೋಶಗಳು ಭ್ರೂಣದ ತಲೆಯ ಕಡೆ ಕುದುರೆ ಲಾಳದ ಆಕಾರದಲ್ಲಿ ಒಟ್ಟು ಸೇರಿರುತ್ತವೆ. 22–23ನೇ ದಿನ ಬಡಿತ ಶುರು. ನಾಲ್ಕನೇ ವಾರದಿಂದ ಏಳನೇ ವಾರದ ಒಳಗೆ ಗೋಡೆಗಳು ಏಳುತ್ತವೆ. ಎಂಟನೇ ವಾರ ಮುಗಿಯುವಾಗ ನಾಲ್ಕು ಕೋಣೆಯ ಹೃದಯ ಹೆಚ್ಚುಕಡಿಮೆ ತಯಾರು.

ಆ ಗೆರೆಯನ್ನು ಒಂದು ನಿಮಿಷ ಹಾಗೇ ನೋಡಿ. ಮುಟ್ಟು ಒಂದು ವಾರ ತಡವಾಗಿದೆ, ಟೆಸ್ಟ್ ಮಾಡಿ ನೋಡೋಣವಾ ಬೇಡವಾ ಅಂತ ಅಮ್ಮ ಯೋಚಿಸುತ್ತಿರುವ ಹೊತ್ತಿಗೆ ಒಳಗೆ ಹೃದಯ ಬಡಿಯಲು ಶುರುವಾಗಿರುತ್ತದೆ. ಹಾಗಾಗಿ "ಐದನೇ ತಿಂಗಳಲ್ಲಿ ಭಾರ ಎತ್ತಿದೆ, ಅದಕ್ಕೇ ಮಗುವಿನ ಹೃದಯದಲ್ಲಿ ತೂತಾಯಿತು" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಐದನೇ ತಿಂಗಳಿಗೆ ಆ ಗೋಡೆಯ ಕೆಲಸ ಮುಗಿದು ಎಷ್ಟೋ ದಿನ ಆಗಿರುತ್ತದೆ.

ಕೊಳವೆ, ಆಮೇಲೆ ಬಾಗು

ಆ ಲಾಳದ ಎರಡು ತೋಳುಗಳಿಂದ ಎರಡು ಸಣ್ಣ ಕೊಳವೆಗಳು ಆಗುತ್ತವೆ. ಭ್ರೂಣ ಎರಡೂ ಪಕ್ಕದಿಂದ ಮಡಚಿಕೊಳ್ಳುವಾಗ ಅವು ನಡುವೆ ಬಂದು ಅಂಟಿ ಒಂದೇ ಕೊಳವೆ ಆಗುತ್ತದೆ. ಒಂದು ಉದ್ದ ಕೊಳವೆ ಬರೆಯಿರಿ. ಕೆಳಗಿನ ತುದಿಯಿಂದ ರಕ್ತ ಒಳಗೆ ಬರುತ್ತದೆ, ಮೇಲಿನ ತುದಿಯಿಂದ ಹೊರಗೆ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಐದು ಭಾಗ ಮಾಡಿ: ರಕ್ತ ಬಂದು ಸೇರುವ ಜಾಗ, ಮೇಲಿನ ಕೋಣೆಗಳಾಗುವ ಭಾಗ, ಎಡ ಕೆಳಕೋಣೆ ಆಗುವ ಭಾಗ, ಬಲ ಕೆಳಕೋಣೆ ಆಗುವ ಭಾಗ, ಕೊನೆಗೆ ರಕ್ತ ಹೊರಹೋಗುವ ದೊಡ್ಡ ನಾಳ. ಮೇಲಿನ ಕೋಣೆಗೆ ಪುಸ್ತಕದಲ್ಲಿ ಹೃತ್ಕರ್ಣ, ಕೆಳಗಿನದಕ್ಕೆ ಹೃತ್ಕುಕ್ಷಿ ಅಂತ ಇರುತ್ತದೆ. ನಾನು ಮೇಲ್ಕೋಣೆ, ಕೆಳಕೋಣೆ ಅಂತಲೇ ಬರೆಯುತ್ತೇನೆ.

ಆದರೆ ಈ ಐದರಲ್ಲಿ ಬಲ ಕೆಳಕೋಣೆ ಮತ್ತು ಹೊರಹೋಗುವ ನಾಳ ಮೊದಲ ಕೊಳವೆಯಿಂದ ಆಗುವುದಲ್ಲ. ಹಿಂದುಗಡೆ ಕಾದಿರುವ ಇನ್ನೊಂದು ಗುಂಪಿನ ಜೀವಕೋಶಗಳು ನಿಧಾನವಾಗಿ ಬಂದು ಕೊಳವೆಯ ತುದಿಗೆ ಸೇರಿಕೊಳ್ಳುತ್ತವೆ. ಇದು ಗಟ್ಟಿಯಾಗಿ ಗೊತ್ತಾಗಿದ್ದು 2001ರಲ್ಲಿ, ಬೇರೆ ಬೇರೆ ಲ್ಯಾಬುಗಳು ಒಂದೇ ವರ್ಷ ತೋರಿಸಿದವು. ಹಳೇ ಪುಸ್ತಕಗಳಲ್ಲಿ ಇಡೀ ಹೃದಯ ಒಂದೇ ಕೊಳವೆಯಿಂದ ಬಂತು ಅನ್ನುವಂತೆ ಚಿತ್ರ ಇರುತ್ತದೆ, ಅದನ್ನು ನಂಬಿ ಕೂರಬೇಡಿ. ಹೊರಹೋಗುವ ನಾಳದ ದೋಷಗಳು ಯಾಕೆ ಒಂದು ಗುಂಪಾಗಿ ಬರುತ್ತವೆ ಅನ್ನುವುದಕ್ಕೆ ಈ ಎರಡನೇ ಗುಂಪು ಮುಖ್ಯ ಕಾರಣ. ಅದು ತಡವಾಗಿ ಬಂದರೆ ಅಥವಾ ಕಡಿಮೆ ಬಂದರೆ ನಾಳ ಬೇಕಾದಷ್ಟು ಉದ್ದ ಆಗುವುದಿಲ್ಲ, ಆಮೇಲೆ ಸರಿಯಾಗಿ ಕೂರುವುದೂ ಇಲ್ಲ.

ಕೊಳವೆ ಉದ್ದ ಆಗುತ್ತ ಹೋಗುತ್ತದೆ, ಆದರೆ ಎರಡು ತುದಿಗಳೂ ಕಟ್ಟಿಹಾಕಿದ ಹಾಗೆ ಇದ್ದಲ್ಲೇ ಇರುತ್ತವೆ. ಬಾಗಲೇಬೇಕು. 23ನೇ ದಿನದ ಆಸುಪಾಸಿನಲ್ಲಿ ಅದು ಮುಂದಕ್ಕೆ ಮತ್ತು ಬಲಕ್ಕೆ ಬಾಗುತ್ತದೆ. ಕೆಳಗಿದ್ದ ಮೇಲ್ಕೋಣೆಯ ಭಾಗ ಹಿಂದೆ ಸರಿದು ಮೇಲೇರುತ್ತದೆ, ಕೆಳಕೋಣೆಗಳು ಮುಂದೆ ಬಂದು ಕೆಳಗಿಳಿಯುತ್ತವೆ. ನಾವು ಇವತ್ತು ನೋಡುವ ಮೇಲೆ ಕೆಳಗೆ ಅನ್ನುವ ಜೋಡಣೆ ಬಂದಿದ್ದು ಈ ಬಾಗಿನಿಂದ.

ಈಗ ಪ್ರಶ್ನೆ ಕೇಳಿ. ಎಡಕ್ಕೆ ಬಾಗಿದರೆ? ಎರಡು ಕೆಳಕೋಣೆಗಳು ಜಾಗ ಅದಲು ಬದಲು ಮಾಡಿಕೊಳ್ಳುತ್ತವೆ. ದೊಡ್ಡ ನಾಳಗಳೂ ಅದಲು ಬದಲಾಗಿದ್ದರೆ ಎರಡು ತಪ್ಪು ಸೇರಿ ರಕ್ತ ಹೋಗಬೇಕಾದ ಕಡೆಗೇ ಹೋಗುತ್ತದೆ, ಕೆಲವರಿಗೆ ದೊಡ್ಡವರಾಗುವ ತನಕ ಗೊತ್ತೇ ಆಗುವುದಿಲ್ಲ. ಆದರೆ ಇಡೀ ದೇಹಕ್ಕೆ ರಕ್ತ ತಳ್ಳುವ ಕೆಲಸ ಬಲ ಕೆಳಕೋಣೆಯ ಮೇಲೆ ಬಿದ್ದಿರುತ್ತದೆ. ಅದು ಆ ಕೆಲಸಕ್ಕೆ ಹುಟ್ಟಿದ್ದಲ್ಲ, ವರ್ಷಗಳು ಕಳೆದಂತೆ ದಣಿಯುತ್ತದೆ.

ಎಡ ಯಾವುದು ಬಲ ಯಾವುದು ಅಂತ ಭ್ರೂಣಕ್ಕೆ ಹೇಗೆ ಗೊತ್ತು, ಅಲ್ವಾ? ಇದು ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ. ಭ್ರೂಣ ಇನ್ನೂ ಚಪ್ಪಟೆಯಾಗಿರುವಾಗ ನಡುವೆ ಒಂದು ಸಣ್ಣ ಗುಂಡಿ, ಅದರಲ್ಲಿ ಸೂಕ್ಷ್ಮ ಕೂದಲಿನಂಥ ಎಳೆಗಳು. ಅವು ಒಂದೇ ದಿಕ್ಕಿಗೆ ಗಿರ್ರನೆ ತಿರುಗಿ ಸುತ್ತಲಿನ ದ್ರವವನ್ನು ಎಡಕ್ಕೆ ಹರಿಸುತ್ತವೆ. ಇಲಿಯ ಭ್ರೂಣದಲ್ಲಿ ಇದನ್ನು 1998ರಲ್ಲಿ ಕಣ್ಣಾರೆ ನೋಡಿದರು. ಆ ಹರಿವು ಇದ್ದ ಕಡೆ ಎಡ. ಎಳೆಗಳು ತಿರುಗದೇ ಹೋದರೆ ಎಡ ಬಲ ಅನ್ನುವುದು ಅದೃಷ್ಟಕ್ಕೆ ಬಿಟ್ಟಿದ್ದು. ಪದೇ ಪದೇ ಕಫ, ಸೈನಸ್ ತೊಂದರೆ ಇರುವ ಕೆಲವರಲ್ಲಿ ಹೃದಯ ಬಲಗಡೆ ಇರುತ್ತದಲ್ಲ, ಕಾರಣ ಇದೇ. ಶ್ವಾಸನಾಳದಲ್ಲಿ ಕಫ ತಳ್ಳುವ ಎಳೆಗಳೂ ಅದೇ ಜಾತಿಯವು.

ಇಲ್ಲಿ ಒಂದು ವಿಚಿತ್ರ ನೆನಪಿಡಿ. ದೇಹದ ಒಳಗಿನದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ಪೂರ್ತಿ ತಿರುಗಿದ್ದರೆ ಹೃದಯ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅರ್ಧಂಬರ್ಧ ತಿರುಗಿದ್ದರೆ, ಅಂದರೆ ಹೊಟ್ಟೆ ಒಂದು ಲೆಕ್ಕ, ಹೃದಯ ಇನ್ನೊಂದು ಲೆಕ್ಕ ಅನ್ನುವ ಹಾಗಿದ್ದರೆ, ಆಗ ದೊಡ್ಡ ದೊಡ್ಡ ದೋಷಗಳು ಒಟ್ಟೊಟ್ಟಿಗೆ ಬರುತ್ತವೆ. ರಿಪೋರ್ಟಿನಲ್ಲಿ ಹೆಟೆರೊಟ್ಯಾಕ್ಸಿ ಅನ್ನುವ ಪದ ಕಂಡರೆ ಇದೇ ವಿಷಯ.

ನಡುವಿನ ದಿಂಬುಗಳು

ಬಾಗಿದ ಕೊಳವೆಯಲ್ಲಿ ಮೇಲ್ಕೋಣೆ ಒಂದೇ, ಎರಡೂ ಕೆಳಕೋಣೆಗಳ ನಡುವೆಯೂ ಗೋಡೆ ಇಲ್ಲ. ಮೇಲಕ್ಕೂ ಕೆಳಕ್ಕೂ ಮಧ್ಯೆ ಒಂದೇ ಬಾಗಿಲು. ಈ ಬಾಗಿಲಿನ ಒಳಮೈಯಿಂದ ಜೀವಕೋಶಗಳು ಕಳಚಿಕೊಂಡು ಕೆಳಗಿರುವ ಲೋಳೆಯಂಥ ಪದರದೊಳಗೆ ಇಳಿಯುತ್ತವೆ, ಅಲ್ಲಿ ಹೆಚ್ಚುತ್ತವೆ, ಜಾಗ ಉಬ್ಬುತ್ತದೆ. ಮುಂದೆ ಒಂದು ಉಬ್ಬು, ಹಿಂದೆ ಒಂದು ಉಬ್ಬು. ಇವನ್ನು ಎಂಡೋಕಾರ್ಡಿಯಲ್ ಕುಷನ್ ಅನ್ನುತ್ತಾರೆ, ನಾನು ದಿಂಬು ಅನ್ನುತ್ತೇನೆ. ಎರಡೂ ಬೆಳೆದು ನಡುವೆ ಸೇರಿದಾಗ ಒಂದು ಬಾಗಿಲು ಎರಡಾಗುತ್ತದೆ, ಎಡಕ್ಕೊಂದು ಬಲಕ್ಕೊಂದು.

ಸೇರದಿದ್ದರೆ? ನಡುಮಧ್ಯೆ ದೊಡ್ಡ ಬಯಲು. ಮೇಲಿನ ಗೋಡೆಗೆ ಕೆಳಗಿನ ಅಂಚು ಸಿಗುವುದಿಲ್ಲ, ಕೆಳಗಿನ ಗೋಡೆಗೆ ಮೇಲಿನ ಅಂಚು ಸಿಗುವುದಿಲ್ಲ, ಎರಡು ಕವಾಟದ ಬದಲು ಒಂದೇ ದೊಡ್ಡ ಕವಾಟ. ಎವಿಎಸ್‌ಡಿ ಅಥವಾ ಎವಿ ಕೆನಾಲ್ ಅಂದರೆ ಇದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ, ಅದರಲ್ಲಿ ಈ ದೋಷ ಎದ್ದು ಕಾಣುವಷ್ಟು ಸಾಮಾನ್ಯ. ಅದಕ್ಕೇ ಆ ಮಕ್ಕಳಿಗೆ ಹೊರಗೆ ಏನೂ ಲಕ್ಷಣ ಕಾಣದಿದ್ದರೂ ಎಕೋ ಮಾಡಿಸುತ್ತಾರೆ.

ಮೇಲ್ಕೋಣೆಯ ಗೋಡೆ: ಎರಡು ಹಾಳೆಯ ಆಟ

ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಸೆಪ್ಟಮ್ ಪ್ರೈಮಮ್, ಸೆಪ್ಟಮ್ ಸೆಕುಂಡಮ್, ಆಸ್ಟಿಯಮ್ ಪ್ರೈಮಮ್, ಆಸ್ಟಿಯಮ್ ಸೆಕುಂಡಮ್. ಸೆಪ್ಟಮ್ ಅಂದರೆ ಗೋಡೆ, ಆಸ್ಟಿಯಮ್ ಅಂದರೆ ತೂತು, ಪ್ರೈಮಮ್ ಮೊದಲನೆಯದು, ಸೆಕುಂಡಮ್ ಎರಡನೆಯದು. ಓದಿ ಅರ್ಥ ಮಾಡಿಕೊಳ್ಳಲು ಹೋಗಬೇಡಿ, ಕೈಯಲ್ಲಿ ಮಾಡಿ ನೋಡಿ.

ಒಂದು ತೆಳು ಹಾಳೆ, ಒಂದು ದಪ್ಪ ಹಾಳೆ ತೆಗೆದುಕೊಳ್ಳಿ. ತೆಳು ಹಾಳೆ ಮೊದಲ ಗೋಡೆ. ಅದು ಮೇಲ್ಕೋಣೆಯ ಸೂರಿನಿಂದ ಕೆಳಗಿರುವ ದಿಂಬುಗಳ ಕಡೆಗೆ ಇಳಿಯುತ್ತದೆ. ಇಳಿಯುವಾಗ ಕೆಳಗೆ ಉಳಿದಿರುವ ಸಂದಿಯೇ ಮೊದಲ ತೂತು. ಅದು ಪೂರ್ತಿ ಮುಚ್ಚುವ ಮೊದಲೇ ಅದೇ ಗೋಡೆಯ ಮೇಲ್ಭಾಗ ಅಲ್ಲಲ್ಲಿ ಸವೆದು ಎರಡನೇ ತೂತು ಬೀಳುತ್ತದೆ. ಯಾಕೆ ಅಂದರೆ ಹೊಟ್ಟೆಯೊಳಗಿರುವ ಮಗುವಿಗೆ ಬಲಗಡೆಯಿಂದ ಎಡಗಡೆಗೆ ರಕ್ತ ದಾಟಲೇಬೇಕು, ದಾರಿ ಒಂದು ಕ್ಷಣವೂ ಬಂದ್ ಆಗುವ ಹಾಗಿಲ್ಲ. ಹಾಗಾಗಿ ತೆಳು ಹಾಳೆಯ ಮೇಲ್ಭಾಗದಲ್ಲಿ ಒಂದು ತೂತು ಕತ್ತರಿಸಿ.

ದಪ್ಪ ಹಾಳೆ ಎರಡನೇ ಗೋಡೆ. ಇದು ಮೊದಲನೆಯದರ ಬಲಕ್ಕೆ ಬರುತ್ತದೆ. ಇದರಲ್ಲಿ ಸ್ವಲ್ಪ ಕೆಳಗೆ ಒಂದು ತೂತು ಕತ್ತರಿಸಿ. ಅದು ಫೊರಾಮೆನ್ ಒವೇಲ್, ಅಂದರೆ ಹುಟ್ಟುವ ಮೊದಲು ರಕ್ತ ದಾಟುವ ಬಾಗಿಲಿನ ಜಾಗ. ಈಗ ಎರಡೂ ಹಾಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮೇಲಿನ ಅಂಚು ಬಿಟ್ಟು ಉಳಿದ ಮೂರು ಕಡೆ ಟೇಪು ಹಾಕಿ. ತೂತುಗಳು ಒಂದರ ಎದುರು ಒಂದು ಬರಬಾರದು.

ದಪ್ಪ ಹಾಳೆಯ ಕಡೆಯಿಂದ ಊದಿ. ಗಾಳಿ ಕೆಳಗಿನ ತೂತಿನಿಂದ ನುಗ್ಗಿ ತೆಳು ಹಾಳೆಯನ್ನು ಆ ಕಡೆ ತಳ್ಳಿ ಮೇಲಿನಿಂದ ಹೊರಬರುತ್ತದೆ. ಇದು ಹುಟ್ಟುವ ಮೊದಲು. ಈಗ ತೆಳು ಹಾಳೆಯ ಕಡೆಯಿಂದ ಊದಿ. ತೆಳು ಹಾಳೆ ಹೋಗಿ ದಪ್ಪ ಹಾಳೆಗೆ ಅಂಟಿಕೊಂಡು ದಾರಿ ಮುಚ್ಚುತ್ತದೆ. ಮಗು ಮೊದಲ ಸಲ ಉಸಿರಾಡಿದಾಗ ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ಧಾರಾಳವಾಗಿ ಬರುತ್ತದೆ, ಎಡಗಡೆಯ ಒತ್ತಡ ಏರುತ್ತದೆ, ಬಾಗಿಲು ಹೀಗೇ ಮುಚ್ಚುತ್ತದೆ. ಆಮೇಲೆ ಹೆಚ್ಚಿನವರಲ್ಲಿ ಎರಡೂ ಗೋಡೆ ಬೆಸೆದುಕೊಳ್ಳುತ್ತವೆ. ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ಬೆಸೆಯುವುದಿಲ್ಲ, ಬರೀ ಒತ್ತಿಕೊಂಡಿರುತ್ತದೆ. ಇದಕ್ಕೆ ಪಿಎಫ್‌ಒ ಅನ್ನುತ್ತಾರೆ, ಬಹಳ ಮಂದಿಗೆ ಜೀವನಪೂರ್ತಿ ಗೊತ್ತೇ ಆಗದೆ ಹೋಗುತ್ತದೆ.

ಕತ್ತರಿ ತೆಗೆದುಕೊಂಡು ತೆಳು ಹಾಳೆಯ ತೂತನ್ನು ಕೆಳಗಿನ ತೂತಿನ ಎದುರಿಗೆ ಬರುವಷ್ಟು ದೊಡ್ಡದು ಮಾಡಿ. ಈಗ ಯಾವ ಕಡೆಯಿಂದ ಊದಿದರೂ ಗಾಳಿ ದಾಟುತ್ತದೆ. ನೀವು ಈಗ ಮಾಡಿದ್ದೇ ಸೆಕುಂಡಮ್ ಎಎಸ್‌ಡಿ, ಮೇಲ್ಕೋಣೆಯ ತೂತುಗಳಲ್ಲಿ ಅತಿ ಸಾಮಾನ್ಯವಾದದ್ದು. ಗೋಡೆ ಜಾಸ್ತಿ ಸವೆದು ಹೋದರೂ ಅಷ್ಟೇ, ಎರಡನೇ ಗೋಡೆ ಸಾಕಷ್ಟು ಬೆಳೆಯದಿದ್ದರೂ ಅಷ್ಟೇ. ತೆಳು ಹಾಳೆ ಕೆಳಗಿನವರೆಗೆ ತಲುಪದೆ ಸಂದಿ ಉಳಿದರೆ ಅದು ಪ್ರೈಮಮ್ ಎಎಸ್‌ಡಿ, ನಿಜವಾಗಿ ಅದು ದಿಂಬುಗಳ ಕುಟುಂಬಕ್ಕೆ ಸೇರಿದ್ದು. ಹಾಗಾಗಿ ಅದರ ಜೊತೆ ಮೈಟ್ರಲ್ ಕವಾಟದಲ್ಲೂ (ಎಡ ಮೇಲ್ಕೋಣೆ, ಎಡ ಕೆಳಕೋಣೆಯ ನಡುವಿನದು) ಸೀಳು ಇರುತ್ತದೆ. ಹೆಸರಿನಲ್ಲಿ ಎರಡೂ ಎಎಸ್‌ಡಿ, ಹುಟ್ಟಿದ ಜಾಗ ಬೇರೆ, ಚಿಕಿತ್ಸೆಯೂ ಬೇರೆ. ಸೆಕುಂಡಮ್ ತೂತನ್ನು ಅಂಚು ಸರಿಯಿದ್ದರೆ ಕಾಲಿನ ರಕ್ತನಾಳದ ಮೂಲಕ ಸಣ್ಣ ಸಾಧನ ಕಳಿಸಿ ಮುಚ್ಚಬಹುದು, ಪ್ರೈಮಮ್‌ಗೆ ಆಪರೇಷನ್ನೇ ಬೇಕು.

ಕೆಳಕೋಣೆಯ ಗೋಡೆ

ಇದು ಕೆಳಗಿನಿಂದ ಮೇಲಕ್ಕೆ ಏಳುವ ದಪ್ಪ ಸ್ನಾಯುವಿನ ಗೋಡೆ. ಆದರೆ ಪೂರ್ತಿ ಮೇಲಿನವರೆಗೆ ಹೋಗುವುದಿಲ್ಲ. ಕೊನೆಯ ಸಣ್ಣ ತುಂಡನ್ನು ಮೂರು ಕಡೆಯವರು ಸೇರಿ ಮುಚ್ಚಬೇಕು: ಕೆಳಗಿನಿಂದ ಸ್ನಾಯುಗೋಡೆ, ಹಿಂದಿನಿಂದ ದಿಂಬು, ಮೇಲಿನಿಂದ ಹೊರನಾಳದ ಒಳಗೆ ಏಳುವ ದಿಣ್ಣೆಗಳು. ಏಳನೇ ವಾರ ಮುಗಿಯುವಾಗ ಇದು ಮುಚ್ಚಿರಬೇಕು. ಮೂರು ಊರಿನ ಗಡಿ ಸೇರುವ ಕಡೆ ರಸ್ತೆ ಯಾವಾಗಲೂ ಕೆಟ್ಟಿರುತ್ತದಲ್ಲ, ಹಾಗೆ ವಿಎಸ್‌ಡಿ (ಅಂದರೆ ಕೆಳಕೋಣೆಗಳ ನಡುವಿನ ಗೋಡೆಯ ತೂತು) ಜಾಸ್ತಿ ಉಳಿಯುವುದು ಇದೇ ಜಾಗದ ಸುತ್ತ. ರಿಪೋರ್ಟಿನಲ್ಲಿ ಪೆರಿಮೆಂಬ್ರೇನಸ್ ಅಂತ ಬರೆದಿರುತ್ತಾರೆ. ಸ್ನಾಯುಗೋಡೆಯ ನಡುವೆಯೇ ಇರುವ ಚಿಕ್ಕ ತೂತುಗಳ ಕಥೆ ಬೇರೆ. ಮಗು ಬೆಳೆಯುತ್ತ ಸ್ನಾಯು ದಪ್ಪಗಾದಂತೆ ಎಷ್ಟೋ ತೂತುಗಳು ತಾವಾಗಿಯೇ ಮುಚ್ಚುತ್ತವೆ. "ವಿಎಸ್‌ಡಿ ಇದೆ" ಅಂದ ಕೂಡಲೇ ಗಾಬರಿಯಾಗುವ ಮೊದಲು ಎಲ್ಲಿ, ಎಷ್ಟು ದೊಡ್ಡದು ಅಂತ ಎರಡು ಪ್ರಶ್ನೆ ಕೇಳಿ.

ಒಂದು ನಾಳ ಎರಡಾಗುವ ತಿರುವು

ಈಗ ಒಂದು ಉದ್ದನೆಯ ಕಾಗದದ ಪಟ್ಟಿ ಕತ್ತರಿಸಿ. ಒಂದು ಮೈಗೆ ನೀಲಿ, ಇನ್ನೊಂದಕ್ಕೆ ಕೆಂಪು ಬಣ್ಣ ಹಚ್ಚಿ. ನೀಲಿ ಮೈ ನಿಮ್ಮ ಎದುರಿಗೆ ಇರುವಂತೆ ನೆಟ್ಟಗೆ ಹಿಡಿಯಿರಿ. ಬಲ ಕೆಳಕೋಣೆ ಮುಂದೆ ಇರುತ್ತದೆ, ಹಾಗಾಗಿ ಕೆಳಗಿನ ತುದಿಯಲ್ಲಿ ನೀಲಿ ಮುಂದೆ. ಮೇಲಿನ ತುದಿಯಲ್ಲಿ, ನಾಳ ಹೋಗಿ ಸೇರುವ ಕಡೆ, ಮುಂದಿನ ದಾರಿ ದೇಹಕ್ಕೆ, ಹಿಂದಿನ ದಾರಿ ಶ್ವಾಸಕೋಶಕ್ಕೆ. ಕೆಳಗಿನ ತುದಿಯನ್ನು ಹಾಗೇ ಹಿಡಿದು ಮೇಲಿನ ತುದಿಯನ್ನು ಅರ್ಧ ಸುತ್ತು ತಿರುಗಿಸಿ. ಮುಂದೆ ಹೊರಟ ನೀಲಿ ಹಿಂದಕ್ಕೆ ಹೋಗಿ ಶ್ವಾಸಕೋಶದ ದಾರಿ ಹಿಡಿಯಿತು, ಹಿಂದೆ ಹೊರಟ ಕೆಂಪು ಮುಂದೆ ಬಂದು ದೇಹದ ದಾರಿ ಹಿಡಿಯಿತು. ಹೊರನಾಳದ ಒಳಗೆ ಏಳುವ ಗೋಡೆ ಹೀಗೆ ಸುರುಳಿಯಾಗಿ ಏಳುತ್ತದೆ.

ಪಟ್ಟಿ ಕೈಯಲ್ಲೇ ಇರಲಿ, ಮೂರು ದೋಷಗಳನ್ನು ಇದರಲ್ಲೇ ಮಾಡಬಹುದು.

ಪಟ್ಟಿಯನ್ನೇ ತೆಗೆದುಬಿಡಿ. ಗೋಡೆ ಏಳಲೇ ಇಲ್ಲ. ಎರಡೂ ಕೋಣೆಯಿಂದ ಒಂದೇ ನಾಳ ಹೊರಟಿತು. ಟ್ರಂಕಸ್ ಆರ್ಟೀರಿಯೋಸಸ್.

ಪಟ್ಟಿ ಇಡಿ, ತಿರುಗಿಸಬೇಡಿ. ಮುಂದಿನ ಬಲ ಕೋಣೆಯಿಂದ ಹೊರಟಿದ್ದು ಮುಂದಕ್ಕೇ, ಅಂದರೆ ದೇಹಕ್ಕೆ ಹೋಯಿತು. ಹಿಂದಿನದ್ದು ಶ್ವಾಸಕೋಶಕ್ಕೆ ಹೋಯಿತು. ದೇಹದಿಂದ ಬಂದ ಕೆಟ್ಟ ರಕ್ತ ಮತ್ತೆ ದೇಹಕ್ಕೆ, ಶ್ವಾಸಕೋಶದಿಂದ ಬಂದ ಒಳ್ಳೆ ರಕ್ತ ಮತ್ತೆ ಶ್ವಾಸಕೋಶಕ್ಕೆ. ಇದೇ ಟಿಜಿಎ. ನಿಜವಾದ ಭ್ರೂಣದಲ್ಲಿ ನಾಳದ ಬುಡದ ಸ್ನಾಯು ಹೇಗೆ ಬೆಳೆಯುತ್ತದೆ ಅನ್ನುವುದೂ ಇದರಲ್ಲಿ ಸೇರಿದೆ, ಕಾಗದದಷ್ಟು ಸರಳವಲ್ಲ. ಆದರೂ ತಲೆಯಲ್ಲಿ ಉಳಿಯಲು ಇದು ಸಾಕು.

ಪಟ್ಟಿಯನ್ನು ತಿರುಗಿಸಿ, ಆದರೆ ಬುಡದಲ್ಲಿ ನಟ್ಟನಡುವೆ ಇಡುವ ಬದಲು ಮುಂದಕ್ಕೆ ಸರಿಸಿ. ಮುಂದಿನ ದಾರಿ ಇಕ್ಕಟ್ಟಾಯಿತು, ಅಂದರೆ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಹಿಂದಿನದು ಅಗಲವಾಗಿ ಎರಡೂ ಕೋಣೆಯ ಮೇಲೆ ಕೂತಿತು. ಸರಿದ ಪಟ್ಟಿಗೆ ಕೆಳಗಿನ ಸ್ನಾಯುಗೋಡೆ ಸಿಗಲಿಲ್ಲ, ಅಲ್ಲಿ ವಿಎಸ್‌ಡಿ ಉಳಿಯಿತು. ಇಕ್ಕಟ್ಟಿನ ದಾರಿಗೆ ರಕ್ತ ತಳ್ಳಿ ತಳ್ಳಿ ಬಲ ಕೋಣೆಯ ಸ್ನಾಯು ದಪ್ಪಗಾಯಿತು. ನಾಲ್ಕು ಲಕ್ಷಣ ಅಂತ ಉರು ಹೊಡೆಯುವ ಫ್ಯಾಲೋ ಟೆಟ್ರಾಲಜಿ ಅಂದರೆ ನಾಲ್ಕು ದೋಷ ಅಲ್ಲ, ಒಂದೇ ಗೋಡೆ ಸರಿದಿದ್ದರ ನಾಲ್ಕು ಪರಿಣಾಮ. ಫ್ರಾನ್ಸಿನ ಡಾಕ್ಟರ್ ಫ್ಯಾಲೋ ಇದನ್ನು ವಿವರವಾಗಿ ಬರೆದಿದ್ದು 1888ರಲ್ಲಿ, ಡೆನ್ಮಾರ್ಕಿನ ಸ್ಟೆನ್ಸನ್ 1671ರಲ್ಲೇ ಇದನ್ನು ನೋಡಿದ್ದರು, ಆದರೂ ಹೆಸರು ಮಾತ್ರ ಫ್ಯಾಲೋಗೇ ಹೋಯಿತು.

ಈ ಸುರುಳಿ ಗೋಡೆ ಕಟ್ಟಲು ಬರುವವರಲ್ಲಿ ಒಂದು ಗುಂಪು ಹೃದಯದವರೇ ಅಲ್ಲ. ಮೆದುಳು ಆಗುವ ಜಾಗದ ಹಿಂಬದಿಯಿಂದ ಹೊರಟು ಕತ್ತಿನ ಭಾಗ ಹಾದು ಬರುವ ನ್ಯೂರಲ್ ಕ್ರೆಸ್ಟ್ ಜೀವಕೋಶಗಳು. ಮಾರ್ಗರೆಟ್ ಕರ್ಬಿ ಅವರ ತಂಡ 1983ರಲ್ಲಿ ಕೋಳಿಯ ಭ್ರೂಣದಲ್ಲಿ ಈ ಜೀವಕೋಶಗಳನ್ನು ತೆಗೆದು ನೋಡಿತು, ಹೊರನಾಳ ಎರಡಾಗಲೇ ಇಲ್ಲ. ಈ ಪ್ರಯಾಣದ ದಾರಿಯಲ್ಲೇ ಥೈಮಸ್ (ಸೋಂಕಿನಿಂದ ಕಾಯುವ ಗ್ರಂಥಿ), ಪ್ಯಾರಾಥೈರಾಯ್ಡ್ (ಕ್ಯಾಲ್ಸಿಯಂ ಹತೋಟಿಯ ಗ್ರಂಥಿ), ಅಂಗುಳ ಎಲ್ಲ ಬೆಳೆಯುತ್ತಿರುತ್ತವೆ. 22ನೇ ಕ್ರೋಮೋಸೋಮಿನ ಒಂದು ಸಣ್ಣ ತುಂಡು ಕಳೆದುಹೋಗಿರುವ ಡಿಜಾರ್ಜ್ ಸಿಂಡ್ರೋಮಿನಲ್ಲಿ ಹೊರನಾಳದ ದೋಷ, ಕ್ಯಾಲ್ಸಿಯಂ ಕೊರತೆ, ಅಂಗುಳದ ತೊಂದರೆ, ಪದೇ ಪದೇ ಸೋಂಕು ಎಲ್ಲ ಒಟ್ಟಿಗೆ ಬರುವುದು ಅದಕ್ಕೇ. ಟ್ರಂಕಸ್ ಅಥವಾ ಫ್ಯಾಲೋ ಇರುವ ಮಗುವಿಗೆ ಕ್ಯಾಲ್ಸಿಯಂ ಟೆಸ್ಟ್ ಯಾಕೆ ಬರೆದರು ಅಂತ ಈಗ ಹೊಳೆಯಿತಲ್ಲ?

ಹರಿವು ಇಲ್ಲದ ಕಡೆ ಬೆಳವಣಿಗೆ ಇಲ್ಲ

ಇಲ್ಲಿವರೆಗೆ ಗೋಡೆಗಳ ಮಾತಾಯಿತು. ಕೋಣೆಗಳು ದೊಡ್ಡದಾಗಲು ಅವುಗಳೊಳಗೆ ರಕ್ತ ಹರಿಯಬೇಕು. ಎಡಗಡೆಯ ದಾರಿಯಲ್ಲಿ ಎಲ್ಲೋ ಇಕ್ಕಟ್ಟಾದರೆ, ಉದಾಹರಣೆಗೆ ಅಯೋರ್ಟಾದ (ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ) ಕವಾಟ ತುಂಬ ಕಿರಿದಾಗಿದ್ದರೆ, ರಕ್ತ ಬೇರೆ ದಾರಿ ಹಿಡಿಯುತ್ತದೆ, ಎಡ ಕೆಳಕೋಣೆ ಕುಗ್ಗಿಯೇ ಉಳಿಯುತ್ತದೆ. ಹೈಪೋಪ್ಲಾಸ್ಟಿಕ್ ಲೆಫ್ಟ್ ಹಾರ್ಟ್ ಅನ್ನುವ ಗಂಭೀರ ದೋಷಕ್ಕೆ ಇದು ಒಂದು ದಾರಿ. ಕೋಳಿ ಭ್ರೂಣದ ಎಡ ಮೇಲ್ಕೋಣೆಗೆ ದಾರ ಕಟ್ಟಿ ರಕ್ತ ಕಡಿಮೆ ಮಾಡಿದಾಗ ಎಡ ಹೃದಯ ಚಿಕ್ಕದಾಗಿಯೇ ಉಳಿದಿದ್ದನ್ನು ನೋಡಿದ್ದಾರೆ. ಗೋಡೆಯ ದೋಷಗಳ ಹಾಗೆ ಇದು ಎಂಟನೇ ವಾರಕ್ಕೆ ತೀರ್ಮಾನ ಆಗಿಬಿಡುವುದಿಲ್ಲ, ಐದನೇ ತಿಂಗಳ ಸ್ಕ್ಯಾನಿನಲ್ಲಿ ಸ್ವಲ್ಪ ಚಿಕ್ಕದಾಗಿ ಕಂಡ ಕೋಣೆ ಆಮೇಲೆ ಇನ್ನೂ ಹಿಂದೆ ಬೀಳಬಹುದು. ಮತ್ತೆ ಸ್ಕ್ಯಾನಿಗೆ ಬನ್ನಿ ಅಂದರೆ ಸುಮ್ನೆ ಓಡಾಡಿಸುತ್ತಾರೆ ಅಂದುಕೊಳ್ಳಬೇಡಿ.

ಹೊರಗಿನ ನಾಳಗಳ ವಿಷಯ ಬೇಗ ಮುಗಿಸುತ್ತೇನೆ. ಭ್ರೂಣದ ಕತ್ತಿನಲ್ಲಿ ಜೋಡಿ ಜೋಡಿ ಕಮಾನು ನಾಳಗಳು ಬರುತ್ತವೆ, ಕೆಲವು ಉಳಿಯುತ್ತವೆ, ಕೆಲವು ಅಳಿಯುತ್ತವೆ. ಎಡ ನಾಲ್ಕನೆಯದು ಅಯೋರ್ಟಾದ ಕಮಾನು ಆಗುತ್ತದೆ, ಎಡ ಆರನೆಯದರ ಒಂದು ತುಂಡು ಡಕ್ಟಸ್ ಆಗುತ್ತದೆ, ಅಂದರೆ ಹುಟ್ಟುವ ಮೊದಲು ಶ್ವಾಸಕೋಶದ ನಾಳವನ್ನೂ ಅಯೋರ್ಟಾವನ್ನೂ ಜೋಡಿಸುವ ಅಡ್ಡದಾರಿ. ಅಳಿಯಬೇಕಾದದ್ದು ಉಳಿದರೆ ಅನ್ನನಾಳ ಮತ್ತು ಶ್ವಾಸನಾಳವನ್ನು ಸುತ್ತಿ ಹಿಡಿಯುವ ಉಂಗುರ, ಮಗು ಉಸಿರಾಡುವಾಗ ಗೊರಗೊರ ಶಬ್ದ. ಉಳಿಯಬೇಕಾದದ್ದು ಅಳಿದರೆ ಕಮಾನು ನಡುವೆಯೇ ತುಂಡು. ಶ್ವಾಸಕೋಶದಿಂದ ಬರುವ ನಾಳಗಳು ಎಡ ಮೇಲ್ಕೋಣೆಗೆ ಸೇರದೆ ಬೇರೆ ಕಡೆ ಸೇರಿಕೊಂಡರೆ ಟಿಎಪಿವಿಸಿ.

ಹುಟ್ಟುವ ತನಕ ಯಾಕೆ ಗೊತ್ತಾಗುವುದಿಲ್ಲ

ಮೊದಲು ಪಕ್ಕಕ್ಕಿಟ್ಟ ದೋಷಗಳ ಪಟ್ಟಿ ತೆಗೆದು ಪ್ರತಿ ದೋಷದ ಮುಂದೆ ಎರಡನೇ ಪ್ರಶ್ನೆ ಬರೆಯಿರಿ: ಹೊಟ್ಟೆಯೊಳಗೆ ಇದರಿಂದ ತೊಂದರೆ ಇದೆಯಾ? ಬಹುಪಾಲು ಉತ್ತರ, ಇಲ್ಲ. ಆಮ್ಲಜನಕ ಕೊಡುವುದು ಮಾಸು, ಶ್ವಾಸಕೋಶಕ್ಕೆ ಕೆಲಸವೇ ಇಲ್ಲ, ಮೇಲ್ಕೋಣೆಯ ಬಾಗಿಲೂ ಡಕ್ಟಸ್ಸೂ ತೆರೆದಿವೆ. ಟಿಜಿಎ ಇರುವ ಮಗು ಕೂಡ ತೂಕ ತುಂಬಿಕೊಂಡು ಗುಂಡುಗುಂಡಾಗಿ ಹುಟ್ಟಬಹುದು.

ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಲೆಕ್ಕ ಬದಲಾಗುತ್ತದೆ. ಡಕ್ಟಸ್ ಮೊದಲ ಒಂದೆರಡು ದಿನಗಳಲ್ಲಿ ಕುಗ್ಗಿ ಮುಚ್ಚುತ್ತದೆ. ಅದನ್ನೇ ನಂಬಿ ಬದುಕಿದ್ದ ಹೃದಯಗಳು, ಅಂದರೆ ಟಿಜಿಎ, ಎಡ ಹೃದಯ ಕುಗ್ಗಿದ್ದು, ಕಮಾನು ತುಂಡಾಗಿದ್ದು, ಆಗಲೇ ಕುಸಿಯುವುದು. ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಟ್ಟು ಡಕ್ಟಸ್ ತೆರೆದಿಡುವುದು ಇದಕ್ಕೇ. ಹುಟ್ಟಿದ 24 ಗಂಟೆ ಆದ ಮೇಲೆ ಮಗುವಿನ ಬಲಗೈಗೂ ಒಂದು ಕಾಲಿಗೂ ಆಕ್ಸಿಮೀಟರ್ ಹಾಕಿ ನೋಡುವ ಪರೀಕ್ಷೆ ಇದೆ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಮಾಡಿದ್ದೀರಾ ಅಂತ ಕೇಳಿ, ಸಂಕೋಚ ಬೇಡ.

ದೊಡ್ಡ ವಿಎಸ್‌ಡಿ ಇದಕ್ಕೆ ಉಲ್ಟಾ. ಮೊದಲ ದಿನ ಮಗು ಚೆನ್ನಾಗಿರುತ್ತದೆ, ಸ್ಟೆತಸ್ಕೋಪಿಗೂ ಏನೂ ಕೇಳದೆ ಇರಬಹುದು. ಶ್ವಾಸಕೋಶದ ರಕ್ತನಾಳಗಳ ಬಿಗಿ ಕೆಲವು ವಾರಗಳಲ್ಲಿ ಸಡಿಲವಾದಂತೆ ತೂತಿನಿಂದ ಆ ಕಡೆಗೆ ನುಗ್ಗುವ ರಕ್ತ ಜಾಸ್ತಿಯಾಗುತ್ತದೆ. ಒಂದು ತಿಂಗಳು, ಒಂದೂವರೆ ತಿಂಗಳ ಹೊತ್ತಿಗೆ ಹಾಲು ಕುಡಿಯುವಾಗ ಏದುಸಿರು, ಹಣೆಯಲ್ಲಿ ಬೆವರು, ತೂಕ ಏರದಿರುವುದು. "ಹುಟ್ಟಿದಾಗ ಎಲ್ಲ ನಾರ್ಮಲ್ ಅಂದಿದ್ದರು, ಈಗ ಹೇಗೆ ಬಂತು?" ಅನ್ನುವವರಿಗೆ ಉತ್ತರ ಇದು. ಈಗ ಬಂದಿದ್ದಲ್ಲ, ಈಗ ಕಂಡಿದ್ದು.

ಯಾಕೆ ಆಯಿತು ಅನ್ನುವ ಪ್ರಶ್ನೆ

ಎಲ್ಲಿ ನಿಂತಿತು ಅಂತ ಹೇಳುವುದು ಸುಲಭ, ಯಾಕೆ ನಿಂತಿತು ಅಂತ ಹೇಳುವುದು ಕಷ್ಟ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಹೃದಯದ ದೋಷ ಇರುತ್ತದೆ, ಅದರಲ್ಲಿ ಹೆಚ್ಚಿನವರಲ್ಲಿ ಇದೇ ಕಾರಣ ಅಂತ ಬೆರಳು ತೋರಿಸಲು ಆಗುವುದಿಲ್ಲ. ಹಲವು ಜೀನ್‌ಗಳ ಸಣ್ಣ ಪ್ರಭಾವ, ಸುತ್ತಲಿನ ಪರಿಸ್ಥಿತಿ, ಒಂದಿಷ್ಟು ಆಕಸ್ಮಿಕ, ಎಲ್ಲ ಸೇರಿ ಆಗಿರುತ್ತದೆ.

ಕೆಲವು ಕಾರಣಗಳು ಮಾತ್ರ ಸ್ಪಷ್ಟ. ಕ್ರೋಮೋಸೋಮ್ ಹೆಚ್ಚುಕಡಿಮೆ ಆಗಿರುವುದು ಒಂದು. ಒಂದೇ ಜೀನ್ ಕೆಟ್ಟಿರುವುದು ಇನ್ನೊಂದು: ಎನ್‌ಕೆಎಕ್ಸ್2-5 ಅನ್ನುವ ಜೀನ್ ಕೆಟ್ಟ ಕುಟುಂಬಗಳಲ್ಲಿ ಎಎಸ್‌ಡಿ ಜೊತೆಗೆ ಬಡಿತದ ವಿದ್ಯುತ್ ದಾರಿಯಲ್ಲೂ ಅಡ್ಡಿ ಬರುತ್ತದೆ ಅಂತ 1998ರಲ್ಲಿ ಗೊತ್ತಾಯಿತು. ಟಿಬಿಎಕ್ಸ್5 ಕೆಟ್ಟರೆ ಹೃದಯದ ಜೊತೆ ಕೈಯ ಮೂಳೆಗೂ ತೊಂದರೆ. ಹೆಬ್ಬೆರಳು ವಿಚಿತ್ರವಾಗಿದ್ದರೆ ಒಳ್ಳೆ ಡಾಕ್ಟರು ಎದೆಗೂ ಸ್ಟೆತಸ್ಕೋಪ್ ಇಡುವುದು ಅದಕ್ಕೇ.

ಹೊರಗಿನ ಕಾರಣಗಳಲ್ಲಿ ರುಬೆಲ್ಲಾ ಹಳೆಯದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, ಕಣ್ಣಿನ ಪೊರೆ ಇರುವ ಮಕ್ಕಳು ಇದ್ದಕ್ಕಿದ್ದಂತೆ ಯಾಕಿಷ್ಟು ಬರುತ್ತಿದ್ದಾರೆ ಅಂತ ಹುಡುಕಿದಾಗ ತಾಯಂದಿರಿಗೆ ಗರ್ಭದ ಶುರುವಿನಲ್ಲಿ ರುಬೆಲ್ಲಾ ಬಂದಿದ್ದು ತಿಳಿಯಿತು. ಆ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಹೃದಯದ ದೋಷವೂ ಇತ್ತು. ಗರ್ಭಕ್ಕೆ ಮೊದಲೇ ಇರುವ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇನ್ನೊಂದು ಮುಖ್ಯ ಕಾರಣ. ಮೊಡವೆಗೆ ನುಂಗುವ ಐಸೊಟ್ರೆಟಿನೊಯಿನ್, ಮದ್ಯ, ಫಿಟ್ಸಿನ ಕೆಲವು ಮಾತ್ರೆಗಳೂ ಈ ಸಾಲಿಗೆ ಸೇರುತ್ತವೆ. ಆದರೆ ಫಿಟ್ಸಿನ ಮಾತ್ರೆಯನ್ನು ಹೆದರಿ ತಾವೇ ನಿಲ್ಲಿಸುವುದು ಇನ್ನೂ ಅಪಾಯ, ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಬೇಕು.

ಮೊದಲು ಎಳೆದ ಆ ದಿನಗಳ ಗೆರೆ ನೋಡಿದರೆ ಒಂದು ವಿಷಯ ತಾನಾಗಿ ತಿಳಿಯುತ್ತದೆ. ಟೆಸ್ಟ್ ಪಾಸಿಟಿವ್ ಬಂದ ಮೇಲೆ ಎಚ್ಚರ ವಹಿಸಿದರೆ ಹೃದಯದ ಮಟ್ಟಿಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಸಕ್ಕರೆ ಹತೋಟಿ, ಮಾತ್ರೆಗಳ ಬದಲಾವಣೆ, ಫೋಲಿಕ್ ಆಸಿಡ್, ಎಲ್ಲ ಗರ್ಭ ಧರಿಸುವ ಮೊದಲೇ. ರುಬೆಲ್ಲಾ ಲಸಿಕೆಯಂತೂ ಗರ್ಭಿಣಿಯರಿಗೆ ಕೊಡುವ ಹಾಗೇ ಇಲ್ಲ, ಕನಿಷ್ಠ ಒಂದು ತಿಂಗಳು ಮೊದಲೇ ಹಾಕಿಸಿಕೊಂಡಿರಬೇಕು.

ಈಗ ಒಂದು ರಿಪೋರ್ಟ್ ಓದಿ ನೋಡಿ

"ದೊಡ್ಡ ಪೆರಿಮೆಂಬ್ರೇನಸ್ ವಿಎಸ್‌ಡಿ, ಅಯೋರ್ಟಾ ಎರಡೂ ಕೋಣೆಯ ಮೇಲೆ, ಪಲ್ಮನರಿ (ಶ್ವಾಸಕೋಶದ) ದಾರಿ ಕಿರಿದು" ಅಂತ ಇದೆ ಅಂದುಕೊಳ್ಳಿ. ಯಾವ ಹಂತ? ಕಾಗದದ ಪಟ್ಟಿ ಮುಂದಕ್ಕೆ ಸರಿದಿದೆ, ಅಂದರೆ ಹೊರನಾಳದ ಗೋಡೆ. ಯಾವ ವಾರ? ಐದರಿಂದ ಏಳರ ನಡುವೆ. ಜೊತೆಗೆ ಏನು ಹುಡುಕಬೇಕು? ಅದೇ ದಾರಿಯಲ್ಲಿ ಬೆಳೆಯುವ ಥೈಮಸ್, ಕ್ಯಾಲ್ಸಿಯಂ, 22ನೇ ಕ್ರೋಮೋಸೋಮ್. ಹುಟ್ಟಿದ ದಿನ ಹೇಗಿರುತ್ತದೆ? ದಾರಿ ಎಷ್ಟು ಕಿರಿದು ಅನ್ನುವುದರ ಮೇಲೆ ಹೋಗುತ್ತದೆ: ಸ್ವಲ್ಪವೇ ಕಿರಿದಾಗಿದ್ದರೆ ಮಗು ನೀಲಿಯಾಗಿ ಕಾಣುವುದೇ ಇಲ್ಲ, ತುಂಬ ಕಿರಿದಾಗಿದ್ದರೆ ಡಕ್ಟಸ್ ಮುಚ್ಚುವಾಗಲೇ ನೀಲಿ ತಿರುಗುತ್ತದೆ. ಇದರಲ್ಲಿ ಯಾವುದನ್ನೂ ನೀವು ಬಾಯಿಪಾಠ ಮಾಡಲಿಲ್ಲ, ಅಲ್ವಾ?

ಮೊದಲ ಮಗುವಿಗೆ ಇಂಥ ದೋಷ ಇದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯಕ್ಕಿಂತ ಸ್ವಲ್ಪ ಜಾಸ್ತಿ. ಆದರೂ ಹೆಚ್ಚಿನ ಕುಟುಂಬಗಳಲ್ಲಿ ಅದು ನೂರಕ್ಕೆ ಎರಡು ಮೂರರಷ್ಟೇ. ಒಂದೇ ಜೀನ್ ಕೆಟ್ಟಿರುವ ಕುಟುಂಬಗಳಲ್ಲಿ ಮಾತ್ರ ತುಂಬ ಜಾಸ್ತಿ, ಅಂಥವರು ಜೆನೆಟಿಕ್ಸ್ ಡಾಕ್ಟರನ್ನು ಮೊದಲೇ ನೋಡುವುದು ಒಳ್ಳೆಯದು. ಮುಂದಿನ ಗರ್ಭದಲ್ಲಿ 18ರಿಂದ 22 ವಾರದ ಒಳಗೆ ಫೀಟಲ್ ಎಕೋ (ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್) ಮಾಡಿಸಿ. ಈ ವಾರಗಳು ಡಾಕ್ಟರ ಲೆಕ್ಕದವು, ಇಲ್ಲಿ ಎರಡು ಕೂಡಿಸಲು ಹೋಗಬೇಡಿ. ನಾಲ್ಕು ಕೋಣೆ ಕಂಡರೆ ಸಾಲದು, ಎರಡು ದೊಡ್ಡ ನಾಳಗಳು ಒಂದನ್ನೊಂದು ಅಡ್ಡ ಹಾಯುವುದೂ ಕಂಡಿತಾ ಅಂತ ಕೇಳಿ. ಟಿಜಿಎ ಇದ್ದರೂ ನಾಲ್ಕು ಕೋಣೆಯ ಚಿತ್ರ ಚೆನ್ನಾಗಿಯೇ ಕಾಣಬಹುದು, ಅದು ಸಿಗುವುದು ನಾಳಗಳನ್ನು ನೋಡಿದಾಗ.